ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿದ್ದರೂ ಕಾರು ಜಾರಿದ್ದೇಕೆ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಆಲ್-ವೀಲ್ ಡ್ರೈವ್ ಇರುವ ಕಾಂಪ್ಯಾಕ್ಟ್ ಎಸ್‌ಯುವಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಆಗ ಅದು 46,000 ಕಿಲೋಮೀಟರ್ ಓಡಿತ್ತು. ನಮ್ಮ ಮನೆ ಗುಡ್ಡದ ಮೇಲಿದೆ, ಕೊನೆಯ ಒಂದಿಷ್ಟು ದೂರ ಮಣ್ಣಿನ ಏರುದಾರಿ. ಮಳೆ ಬಂದರೆ ಹಳೆಯ ಕಾರು ಹತ್ತುತ್ತಿರಲಿಲ್ಲ, ಇದು ಸಲೀಸಾಗಿ ಹತ್ತುತ್ತದೆ. ಆದರೆ ಕಳೆದ ತಿಂಗಳು ಜೋರು ಮಳೆಯಲ್ಲಿ, ಡಾಂಬರು ರಸ್ತೆಯ ಇಳಿಜಾರಿನ ತಿರುವಿನಲ್ಲಿ, ವೇಗ 50ರ ಆಸುಪಾಸು ಇದ್ದಾಗ, ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದೆ ನೆಟ್ಟಗೆ ಹೊರಬದಿಗೆ ಹೋಯಿತು. ಬ್ರೇಕ್ ಒತ್ತಿದೆ, ಪೆಡಲ್ ಗಡಗಡ ನಡುಗಿತು, ರಸ್ತೆ ಪಕ್ಕದ ಜಲ್ಲಿಯ ಮೇಲೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮುಂದಿನ ಎರಡು ಟೈರು ಸವೆದಿವೆ ಎಂದು ಮೆಕ್ಯಾನಿಕ್ ಹೊಸದು ಹಾಕಿಕೊಟ್ಟರು. ಮಳೆಯಲ್ಲಿ ಯಾವಾಗಲೂ ‘ಲಾಕ್’ (ಮುಂದಿನ, ಹಿಂದಿನ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಗುಂಡಿ) ಹಾಕಿಯೇ ಓಡಿಸಬೇಕು ಎಂದು ಗೆಳೆಯರೊಬ್ಬರು ಹೇಳಿದ್ದರಿಂದ ಹಾಗೆಯೇ ಓಡಿಸುತ್ತಿದ್ದೇನೆ. ಈಗ ಪಾರ್ಕಿಂಗ್ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ಗುರ್ ಎಂಬ ಸದ್ದು, ಯಾರೋ ಹಿಡಿದು ಎಳೆದಂತೆ ತಡೆತಡೆದು ಚಲಿಸುತ್ತದೆ. ಚಳಿಗಾಲದಲ್ಲಿ ಹಿಮ ಬೀಳುವ ಕಡೆಗೆ ಮನೆಯವರನ್ನು ಕರೆದುಕೊಂಡು ಹೋಗುವ ಯೋಚನೆಯಿದೆ. ಈ ಕಾರನ್ನು ನಂಬಬಹುದೇ, ಮಾರಿಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳಿವೆ: ಜಾರಿದ್ದು, ಸದ್ದು ಬರುತ್ತಿರುವುದು, ಹಿಮದ ಪ್ರವಾಸ. ನೀವು ಮೂರನ್ನೂ ಆಲ್-ವೀಲ್ ಡ್ರೈವ್ ಮೇಲೆ ಹಾಕಿದ್ದೀರಿ. ನನ್ನ ಅಂದಾಜಿನಲ್ಲಿ ಮೂರರಲ್ಲೂ ಟೈರಿನ ಪಾಲಿದೆ, ಸದ್ದಿನಲ್ಲಿ ‘ಲಾಕ್’ನದ್ದೂ. ಮುಂದಿನದನ್ನು ಓದುವ ಮೊದಲು ಒಂದು ತುರ್ತು ಮಾತು: ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇರುವ ಈಗಿನ ಸ್ಥಿತಿಯಲ್ಲಿ ನಿಮ್ಮ ಕಾರು ಜಾರಿದ ದಿನಕ್ಕಿಂತ ಹೆಚ್ಚು ಅಪಾಯಕಾರಿ. ಏಕೆಂದು ಆಮೇಲೆ ಹೇಳುತ್ತೇನೆ. ಅದನ್ನು ಸರಿಪಡಿಸುವವರೆಗೆ ಮಳೆಯಲ್ಲಿ ವೇಗದ ರಸ್ತೆಗೆ ಇಳಿಯಬೇಡಿ.

ಮೊದಲು ಜಾರಿದ ವಿಷಯ. ನಿಮ್ಮದರಂತಹ ಬಹುತೇಕ ಕಾಂಪ್ಯಾಕ್ಟ್ ಎಸ್‌ಯುವಿಗಳು ಮೂಲದಲ್ಲಿ ಮುಂಚಕ್ರದಿಂದ ನಡೆಯುವ ಕಾರುಗಳೇ. ಒಂದು ಉದ್ದದ ಶಾಫ್ಟ್ ಎಂಜಿನ್ ಕಡೆಯಿಂದ ಹಿಂದಕ್ಕೆ ಹೋಗುತ್ತದೆ. ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಬಾಯಲ್ಲಿ ಎಣ್ಣೆಯಲ್ಲಿ ಮುಳುಗಿದ ತೆಳು ತಟ್ಟೆಗಳ ಒಂದು ಕ್ಲಚ್ ಕೂತಿರುತ್ತದೆ. ಕಂಪ್ಯೂಟರ್ ಆ ತಟ್ಟೆಗಳನ್ನು ಒತ್ತಿದರೆ ಹಿಂದಿನ ಚಕ್ರಗಳಿಗೆ ಬಲ ಹೋಗುತ್ತದೆ, ಸಡಿಲಿಸಿದರೆ ಇಲ್ಲ. ವರ್ಕ್‌ಶಾಪ್‌ಗಳಲ್ಲಿ ಇದಕ್ಕೆ ‘ಕಪ್ಲಿಂಗ್’ ಎನ್ನುತ್ತಾರೆ. ನೀವು ಮಣ್ಣಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಚಕ್ರ ಜಾರುವ ಮೊದಲೇ ಕಪ್ಲಿಂಗ್ ಬಿಗಿಯಾಗಿ ಹಿಂದಿನ ಚಕ್ರಗಳೂ ದೂಡುತ್ತವೆ. ಹಳೆಯ ಕಾರು ಹತ್ತದ ಕಡೆ ಇದು ಹತ್ತುವ ಗುಟ್ಟು ಇಷ್ಟೇ.

ಇಳಿಜಾರಿನಲ್ಲಿ ನೀವು ಬ್ರೇಕ್ ಒತ್ತಿದಾಗ ಏನಾಗಿರುತ್ತದೆ? ಪೆಡಲ್ ನಡುಗಿತೆಂದರೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಆಂಟಿ-ಲಾಕ್ ವ್ಯವಸ್ಥೆ, ಕೆಲಸ ಮಾಡುತ್ತಿತ್ತು. ಪ್ರತಿ ಚಕ್ರವನ್ನೂ ಬಿಡಿಬಿಡಿಯಾಗಿ ನಿಯಂತ್ರಿಸಲು ಎಬಿಎಸ್‌ಗೆ ಅಡ್ಡಿಯಾಗಬಾರದೆಂದು ಇಂಥ ಹೆಚ್ಚಿನ ಕಾರುಗಳಲ್ಲಿ ಕಂಪ್ಯೂಟರ್ ಆ ಹೊತ್ತಿಗೆ ಕಪ್ಲಿಂಗನ್ನು ಸಡಿಲಿಸುತ್ತದೆ. ಅಂದರೆ ನೀವು ಯಾವುದನ್ನು ನಂಬಿಕೊಂಡು ಆ ತಿರುವಿಗೆ ಹೋದಿರೋ ಅದು ಆ ಕ್ಷಣದಲ್ಲಿ ಬಹುಶಃ ಕೆಲಸದಲ್ಲೇ ಇರಲಿಲ್ಲ. ಇದ್ದಿದ್ದರೂ ಕಾರು ಜಾರುತ್ತಿತ್ತು. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಆಲ್-ವೀಲ್ ಡ್ರೈವ್ ಅದಕ್ಕೆ ಐದನೆಯದನ್ನು ಸೇರಿಸುವುದಿಲ್ಲ. ಅದು ಸೇರಿಸುವುದು 60ರಿಂದ 100 ಕಿಲೋದಷ್ಟು ತೂಕವನ್ನು ಮಾತ್ರ.

ಇದು ತಯಾರಕರಿಗೆ ಹೊಸ ವಿಷಯವೇನಲ್ಲ. ಸಾಮಾನ್ಯ ರಸ್ತೆಗೆಂದು ನಾಲ್ಕು ಚಕ್ರದ ಚಾಲನೆ ಕೊಟ್ಟು ಮಾರಿದ ಮೊದಲ ಕಾರುಗಳಲ್ಲೊಂದಾದ ಜೆನ್ಸನ್ ಎಫ್ಎಫ್ 1966ರಲ್ಲಿ ಬಂದಾಗ, ವಿಮಾನಗಳಿಂದ ಎರವಲು ತಂದ ಯಾಂತ್ರಿಕ ಆಂಟಿ-ಲಾಕ್ ಬ್ರೇಕನ್ನೂ ಜೊತೆಯಲ್ಲೇ ಇಟ್ಟಿದ್ದರು. ಹೊರಡುವ ಶಕ್ತಿ ಬೇರೆ, ನಿಲ್ಲುವ ಶಕ್ತಿ ಬೇರೆ ಎಂದು ಎಂಜಿನಿಯರುಗಳಿಗೆ ಆಗಲೇ ಗೊತ್ತಿತ್ತು. ಜಾಹೀರಾತು ಬರೆಯುವವರು ಮಾತ್ರ ಇಂದಿಗೂ ಮರೆಯುತ್ತಿದ್ದಾರೆ.

ಈಗ ಲೆಕ್ಕ ನೋಡಿ. ಒಂದೊಂದು ಟೈರು ರಸ್ತೆಯನ್ನು ಮುಟ್ಟುವುದು ನಿಮ್ಮ ಅಂಗೈ ಅಗಲದಷ್ಟು ಜಾಗದಲ್ಲಿ. ಕಾರು ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ. 40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 50 ಕಿಲೋಮೀಟರ್‌ನಲ್ಲಿ ದಾಟಲು ಕಾರಿನ ತೂಕದ ಅರ್ಧದಷ್ಟು ಬಲ ಬದಿಯಿಂದ ಬೇಕು. ಒದ್ದೆ ಡಾಂಬರಿನ ಮೇಲೆ ಸವೆದ ಟೈರಿಗೆ ಸಿಗುವ ಹಿಡಿತ ಅದಕ್ಕಿಂತ ಕಡಿಮೆ, ತೂಕದ 0.4 ಪಾಲಿನ ಸುಮಾರು. ಅದೇ ತಿರುವಿಗೆ 40ರಲ್ಲಿ ಹೋದರೆ ಬೇಕಾಗುವುದು 0.31 ಮಾತ್ರ. ಹತ್ತೇ ಕಿಲೋಮೀಟರ್ ವ್ಯತ್ಯಾಸದಲ್ಲಿ ಕಾರು ರಸ್ತೆಯ ಮೇಲೆ ಉಳಿಯುತ್ತದೆ, ಅಥವಾ ಜಲ್ಲಿಗೆ ಹೋಗುತ್ತದೆ. ತಿರುಗಲು ಬೇಕಾದಷ್ಟು ಹಿಡಿತವೇ ಇಲ್ಲದ ಹೊತ್ತಿಗೆ ನೀವು ಬ್ರೇಕನ್ನೂ ಒತ್ತಿದಿರಿ. ಒತ್ತದೆ ಇರಲು ಆ ಗಾಬರಿಯಲ್ಲಿ ಯಾರಿಂದಲೂ ಆಗದು, ಅದಕ್ಕಾಗಿ ನಿಮ್ಮನ್ನು ದೂರುವುದಿಲ್ಲ. ಬ್ರೇಕ್ ಕೆಲಸವೆಲ್ಲ ತಿರುವಿಗೆ ಮೊದಲು, ನೇರ ರಸ್ತೆಯಲ್ಲೇ ಮುಗಿಯಬೇಕು. ಇಳಿಜಾರಾದರೆ ಅಲ್ಲಿಯೇ ಒಂದು ಗೇರ್ ಇಳಿಸಿಕೊಂಡಿರಬೇಕು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಮುಂಚಕ್ರದ ಕಾರಿನಲ್ಲಿ ಒದ್ದೆ ರಸ್ತೆಯಲ್ಲಿ ಹೊರಡುವಾಗ ಚಕ್ರ ಒಮ್ಮೆ ಗಿರಕಿ ಹೊಡೆಯುತ್ತದೆ, ಸ್ಟೀರಿಂಗ್ ಕೈಯಲ್ಲಿ ಹಗುರವಾಗುತ್ತದೆ. ರಸ್ತೆ ಜಾರುತ್ತಿದೆ ಎಂದು ಚಾಲಕನಿಗೆ ತಿಳಿಯುವುದು ಹೀಗೆ. ನಿಮ್ಮ ಕಾರು ಆ ಎಚ್ಚರಿಕೆಯನ್ನು ನುಂಗಿ ಹಾಕುತ್ತದೆ. ಯಾವ ರಗಳೆಯೂ ಇಲ್ಲದೆ ಹೊರಟು, ಯಾವ ರಗಳೆಯೂ ಇಲ್ಲದೆ ವೇಗ ಪಡೆಯುತ್ತದೆ. ರಸ್ತೆ ಎಷ್ಟು ಜಾರುತ್ತಿತ್ತು ಎಂಬುದು ಮೊದಲ ಬಾರಿಗೆ ಗೊತ್ತಾಗುವುದೇ ನಿಲ್ಲಿಸಬೇಕಾದಾಗ. ಚಾಲನೆ ಕಲಿಸುವಾಗ ನಾನು ಆಲ್-ವೀಲ್ ಡ್ರೈವ್ ಮಾಲೀಕರಿಗೆ ಮೊದಲು ಹೇಳುವುದು ಇದನ್ನೇ: ಹೊರಟ ಸ್ವಲ್ಪ ಹೊತ್ತಿನಲ್ಲಿ, ನೇರವಾದ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡು, ನಿಧಾನ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ. ಎಬಿಎಸ್ ಬೇಗನೆ ಗಡಗಡ ಎಂದರೆ ಆ ದಿನದ ರಸ್ತೆ ಹೇಗಿದೆ ಎಂದು ಅರ್ಥವಾಗುತ್ತದೆ.

ನಿಮ್ಮ ಟೈರುಗಳ ಕಡೆ ಬರೋಣ. ಹೊಸ ಟೈರಿನ ಕಾಲುವೆಗಳ ಆಳ ಸುಮಾರು 8 ಮಿಲಿಮೀಟರ್ ಇರುತ್ತದೆ. 1.6ಕ್ಕೆ ಇಳಿದರೆ ಟೈರು ಮುಗಿಯಿತೆಂದು ಬಹಳಷ್ಟು ದೇಶಗಳ ಕಾನೂನು ಹೇಳುತ್ತದೆ. ಕಾಲುವೆಯೊಳಗೆ ಅಡ್ಡಲಾಗಿರುವ ಪುಟ್ಟ ದಿಬ್ಬಗಳು ಮೇಲ್ಮೈಗೆ ಸಮನಾಗುವುದೂ ಆಗಲೇ. ಆದರೆ ನೀರನ್ನು ಹೊರಹಾಕುವ ಸಾಮರ್ಥ್ಯ ಅದಕ್ಕೆ ಬಹಳ ಮೊದಲೇ ಕುಸಿದಿರುತ್ತದೆ. ಮಳೆಯಲ್ಲಿ ಓಡಿಸುವವರು 3 ಮಿಲಿಮೀಟರನ್ನೇ ಕೊನೆ ಎಂದುಕೊಳ್ಳಬೇಕು. ನೀರು ಹೊರಹೋಗಲು ದಾರಿಯಿಲ್ಲದಿದ್ದರೆ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಗಾಳಿಯ ಒತ್ತಡಕ್ಕೂ ಇದರಲ್ಲಿ ಪಾಲಿದೆ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳನ್ನು ಪರೀಕ್ಷಿಸಿ ಕಂಡುಕೊಂಡ ಸೂತ್ರದ ಪ್ರಕಾರ, 33 ಪಿಎಸ್ಐ ಗಾಳಿಯಿರುವ ಬೋಳು ಟೈರು ನೀರು ನಿಂತ ನೆಲದ ಮೇಲೆ ಗಂಟೆಗೆ 95 ಕಿಲೋಮೀಟರ್ ಆಸುಪಾಸಿನಲ್ಲಿ ತೇಲುತ್ತದೆ, 25 ಪಿಎಸ್ಐ ಇದ್ದರೆ 83ರಲ್ಲೇ. ಕಾರಿನ ಅಗಲ ಟೈರಿಗೆ ಈ ಅಂಕಿಗಳು ಅಕ್ಷರಶಃ ಹೊಂದುವುದಿಲ್ಲ, ಇನ್ನೂ ಬೇಗ ತೇಲಲೂಬಹುದು. ಆದರೆ ಗಾಳಿ ಕಡಿಮೆಯಿದ್ದರೆ ಹಿಡಿತ ಹೆಚ್ಚುತ್ತದೆ ಎಂದು ಮಳೆಗಾಲದಲ್ಲಿ ಗಾಳಿ ಇಳಿಸುವವರು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಲಿ. ಆ ಉಪಾಯ ಮರಳಿಗೆ ಸರಿ, ನೀರು ನಿಂತ ಡಾಂಬರಿಗಲ್ಲ.

ಈಗ ನಾನು ಮೊದಲು ಹೇಳಿದ ಅಪಾಯ. ಮುಂದಿನ ಟೈರು ಹೊಸದು, ಹಿಂದಿನದು ಹಳೆಯದು ಎಂದರೆ ಮಳೆಯ ತಿರುವಿನಲ್ಲಿ ಮೊದಲು ಹಿಡಿತ ಬಿಡುವುದು ಹಿಂಭಾಗ. ಮುಂಭಾಗ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ. ಕಾಲು ಸಡಿಲಿಸಿದರೆ ಬಹುಪಾಲು ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂಭಾಗ ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ. ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೆಟ್ಟಗಿಡುವ ಸ್ಟೆಬಿಲಿಟಿ ಕಂಟ್ರೋಲ್ ಕೈಲಾದಷ್ಟು ತಡೆಯುತ್ತದೆ, ಆದರೆ ಅದು ದುಡಿಯಬೇಕಾದದ್ದೂ ಅದೇ ಸವೆದ ಟೈರಿನ ಮೇಲೆ. ಎರಡೇ ಹೊಸ ಟೈರು ಹಾಕುವುದಾದರೆ ಅವು ಹಿಂದಕ್ಕೆ ಹೋಗಬೇಕು ಎಂಬುದು ಟೈರು ತಯಾರಕರು ಹೇಳುತ್ತಲೇ ಬಂದಿರುವ ಮಾತು. ಆದರೂ ಎಷ್ಟೋ ಕಡೆ ಹೊಸದನ್ನು ಮುಂದಕ್ಕೇ ಹಾಕುತ್ತಾರೆ, ಗ್ರಾಹಕರೂ ಹಾಗೆಯೇ ಕೇಳುತ್ತಾರೆ.

ಸಾಮಾನ್ಯ ಕಾರಾಗಿದ್ದರೆ ಈ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಆಲ್-ವೀಲ್ ಡ್ರೈವ್‌ನಲ್ಲಿ ಇನ್ನೊಂದು ತೊಡಕಿದೆ. ನಿಮ್ಮದು ಈ ವರ್ಗದಲ್ಲಿ ಸಾಮಾನ್ಯವಾದ 215/60 ಆರ್17 ಅಳತೆಯ ಟೈರು ಎಂದಿಟ್ಟುಕೊಳ್ಳಿ. ಹೊಸದಾದಾಗ ಅದರ ಸುತ್ತಳತೆ ಸುಮಾರು 2,167 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ಸವೆದರೆ ಸುತ್ತಳತೆ 25 ಮಿಲಿಮೀಟರ್ ತಗ್ಗುತ್ತದೆ. ಒಂದು ಕಿಲೋಮೀಟರ್ ಓಡುವಾಗ ಹೊಸ ಟೈರು 461 ಸುತ್ತು ಸುತ್ತಿದರೆ ಹಳೆಯದು 467. ನೆಟ್ಟನೆಯ ಒಣ ರಸ್ತೆಯಲ್ಲೂ ಹಿಂದಿನ ಚಕ್ರಗಳು ಕಿಲೋಮೀಟರಿಗೆ ಐದಾರು ಸುತ್ತು ಹೆಚ್ಚು ತಿರುಗುತ್ತವೆ. ಆ ವ್ಯತ್ಯಾಸವನ್ನು ನುಂಗಬೇಕಾದದ್ದು ಎಣ್ಣೆಯಲ್ಲಿ ಮುಳುಗಿರುವ ಆ ತೆಳು ತಟ್ಟೆಗಳು. ಬಿಡುವಿಲ್ಲದೆ ಉಜ್ಜಿ, ಕಾದು, ಎಣ್ಣೆ ಕಪ್ಪಾಗಿ, ಕೊನೆಗೆ ಕಪ್ಲಿಂಗೇ ಹೋಗುತ್ತದೆ. ಆಗ ಬರುವ ಖರ್ಚಿನ ಮುಂದೆ ಎರಡು ಟೈರಿನ ಬೆಲೆ ಏನೂ ಅಲ್ಲ. ಎಷ್ಟು ವ್ಯತ್ಯಾಸ ತಡೆಯುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಜಪಾನಿನ ಕಾರು ಕಂಪನಿ ಸುಬಾರು, ಸುತ್ತಳತೆಯ ವ್ಯತ್ಯಾಸ ಕಾಲು ಇಂಚು ಮೀರಬಾರದು ಎನ್ನುತ್ತದೆ, ಅಂದರೆ ಆರು ಮಿಲಿಮೀಟರ್ ಚಿಲ್ಲರೆ. ನಿಮ್ಮ ಕಾರಿನ ಮಿತಿ ಅದರ ಕೈಪಿಡಿಯಲ್ಲಿರುತ್ತದೆ.

ಇದರ ಮೇಲೆ ನೀವು ‘ಲಾಕ್’ ಬೇರೆ ಹಾಕಿದ್ದೀರಿ. ಗೆಳೆಯರ ಸಲಹೆಯ ಹಿಂದೆ ಸದುದ್ದೇಶವಿದೆ, ಆದರೆ ಅದು ತಪ್ಪು. ಲಾಕ್ ಇರುವುದು ಕೆಸರು, ಮರಳು, ಆಳದ ಹಿಮದಲ್ಲಿ ನಿಧಾನವಾಗಿ ದಾಟುವುದಕ್ಕೆ. ಕಾರು ತಿರುಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತು ಹಾಕುತ್ತವೆ, ಹಿಂದಿನವು ಚಿಕ್ಕ ಸುತ್ತು. ಮುಂದು ಹಿಂದನ್ನು ಬಿಗಿದು ಕಟ್ಟಿದರೆ ಯಾವುದಾದರೂ ಒಂದು ಚಕ್ರ ಜಾರಲೇಬೇಕು. ಕೆಸರಿನಲ್ಲಿ ಅದು ಸುಲಭವಾಗಿ ಜಾರುತ್ತದೆ, ನಮಗೆ ತಿಳಿಯುವುದೇ ಇಲ್ಲ. ಗಟ್ಟಿ ನೆಲದಲ್ಲಿ ಜಾರಲಾಗದೆ ಶಾಫ್ಟು ತಿರುಚಿಕೊಂಡು ಕಾರು ಮುಕ್ಕರಿಸುತ್ತದೆ. ನೀವು ಕೇಳುತ್ತಿರುವ ಸದ್ದು ಹೆಚ್ಚಾಗಿ ಇದೇ. ಅಲ್ಲದೆ ಹಲವು ಕಾರುಗಳಲ್ಲಿ ಒಂದು ವೇಗ ದಾಟಿದ ಕೂಡಲೇ ಲಾಕ್ ತಾನಾಗಿಯೇ ಕಳಚಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಅದು 40, ಇನ್ನು ಕೆಲವದರಲ್ಲಿ 80. ಮಳೆಯ ಡಾಂಬರು ರಸ್ತೆಗೆ ಕಪ್ಲಿಂಗನ್ನು ಕಂಪ್ಯೂಟರಿಗೇ ಬಿಡುವ ‘ಆಟೋ’ ಸಾಕು. ನಿಮಗಿಂತ, ನನಗಿಂತ ಬೇಗ ಅದು ಯೋಚಿಸುತ್ತದೆ.

ಸದ್ದಿನ ಮೂಲ ಪತ್ತೆ ಮಾಡಲು ಹೀಗೆ ಮಾಡಿ. ಒಣಗಿದ, ಖಾಲಿಯಾದ ಜಾಗದಲ್ಲಿ ಆಟೋ ಮೋಡ್‌ನಲ್ಲಿಟ್ಟು, ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಡೆಯುವ ವೇಗದಲ್ಲಿ ಎರಡೂ ದಿಕ್ಕಿಗೆ ಸುತ್ತು ಹಾಕಿ. ಸದ್ದು ಮಾಯವಾದರೆ ತಪ್ಪು ಲಾಕ್‌ನದ್ದು. ಇನ್ನೂ ಇದ್ದರೆ ಟೈರಿನ ವ್ಯತ್ಯಾಸ, ಇಲ್ಲವೇ ಕಪ್ಲಿಂಗ್ ಎಣ್ಣೆ ಹಳಸಿರುವುದು. ಸದ್ದು ಮುಂದಿನಿಂದ, ಟಿಕ್ ಟಿಕ್ ಎಂದು ಬಿಡಿಬಿಡಿಯಾಗಿ ಬಂದರೆ ಅದು ಬೇರೆಯೇ ಕಾಯಿಲೆ, ಡ್ರೈವ್ ಶಾಫ್ಟ್‌ನ ಜಾಯಿಂಟ್ ಹೋಗಿರುತ್ತದೆ. ಆಳ ಅಳೆಯುವ ಸಣ್ಣ ಮಾಪಕದಿಂದ ಒಂದೊಂದು ಟೈರನ್ನೂ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಅಳೆದು ಬರೆದುಕೊಳ್ಳಿ. ಮೆಕ್ಯಾನಿಕ್ ಜೊತೆ ಮಾತಾಡುವಾಗ ‘ಸವೆದಿದೆ’, ‘ಪರವಾಗಿಲ್ಲ’ ಎಂಬ ಮಾತುಗಳಿಗಿಂತ ಆ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮುಂದಿನ ದಾರಿಗಳಲ್ಲಿ ನಾನು ಆರಿಸುವುದು, ಹಿಂದಕ್ಕೂ ಅದೇ ಕಂಪನಿಯ, ಅದೇ ಮಾದರಿಯ ಎರಡು ಹೊಸ ಟೈರು ಹಾಕಿಸಿ, ಜೊತೆಗೆ ಕಪ್ಲಿಂಗ್ ಮತ್ತು ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಬದಲಿಸುವುದು. ‘ಜೀವಮಾನವಿಡೀ ಎಣ್ಣೆ ಬದಲಿಸಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ, ಯಾರ ಜೀವಮಾನ ಎಂದು ಕೇಳಿ. ಕೈಪಿಡಿಯ ಸರ್ವೀಸ್ ಪಟ್ಟಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿರುತ್ತಾರೆ, ಗುಡ್ಡ ಹತ್ತುವ ನಿಮ್ಮ ಕಾರಿಗೆ ಅದೇ ಲೆಕ್ಕ. ಎಣ್ಣೆ ಮಾತ್ರ ಆ ಕಪ್ಲಿಂಗ್‌ಗೆ ಹೇಳಿದ್ದೇ ಆಗಬೇಕು, ಸಾಮಾನ್ಯ ಗೇರ್ ಎಣ್ಣೆ ಹಾಕಿದರೆ ತಟ್ಟೆಗಳು ಹಾಳಾಗುತ್ತವೆ. ಎರಡನೆಯ ದಾರಿ, ಹಿಂದಿನ ಟೈರುಗಳಷ್ಟೇ ಸವೆದ ಅದೇ ಮಾದರಿಯ ಹಳೆಯ ಟೈರು ಹುಡುಕುವುದು. ದುಡ್ಡು ಉಳಿಯುತ್ತದೆ, ಆದರೆ ಒಳಗಿನ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ, ವಯಸ್ಸಾದ ರಬ್ಬರು ಒದ್ದೆ ರಸ್ತೆಯಲ್ಲಿ ಕೈಕೊಡುತ್ತದೆ. ನಾನು ಒಪ್ಪುವುದಿಲ್ಲ. ಮೂರನೆಯದು ತಾತ್ಕಾಲಿಕ: ನಿಮ್ಮ ಕಾರಿನಲ್ಲಿ ‘2ಡಬ್ಲ್ಯುಡಿ’ (ಎರಡೇ ಚಕ್ರದ ಚಾಲನೆ) ಗುಂಡಿ ಇದ್ದರೆ ಟೈರು ಬರುವವರೆಗೆ ಅದರಲ್ಲೇ ಓಡಿಸಿ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿಕೊಳ್ಳಿ. ಮುಂದೆ ಸವೆತ ಸಮನಾಗಿರಲು 8,000ದಿಂದ 10,000 ಕಿಲೋಮೀಟರಿಗೊಮ್ಮೆ ಮುಂದಿನ, ಹಿಂದಿನ ಟೈರುಗಳನ್ನು ಅದಲುಬದಲು ಮಾಡಿಸಿ. ರಸ್ತೆಯಲ್ಲಿ ಕೆಟ್ಟು ನಿಂತರೆ ನಾಲ್ಕೂ ಚಕ್ರ ನೆಲದಿಂದ ಮೇಲಿರುವಂತೆ ಲಾರಿಯ ಮೇಲೆ ಹೇರಿಸಿ ಒಯ್ಯಿಸಬೇಕು. ಎರಡು ಚಕ್ರ ಎತ್ತಿ ಎಳೆದರೆ ಕಪ್ಲಿಂಗ್ ಹಾಳಾಗಬಹುದು.

ನೀವು ಕೇಳದಿದ್ದರೂ ಹರಿಯುವ ನೀರಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಎತ್ತರದ ಕಾರು ಕೊಂಡವರು ಹೆಚ್ಚು ಧೈರ್ಯ ಮಾಡುವುದು ಅಲ್ಲೇ. ಅಮೆರಿಕದ ಹವಾಮಾನ ಸೇವೆ ವರ್ಷಗಳಿಂದ ಎಚ್ಚರಿಸುತ್ತಿರುವಂತೆ, ರಭಸದ ನೀರು ಒಂದು ಅಡಿ ಇದ್ದರೆ ಹೆಚ್ಚಿನ ಕಾರುಗಳನ್ನೂ, ಎರಡು ಅಡಿ ಇದ್ದರೆ ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಚಕ್ರ ನೆಲ ಬಿಟ್ಟ ಮೇಲೆ ಎಷ್ಟು ಚಕ್ರಕ್ಕೆ ಬಲವಿದ್ದರೇನು? ನಿಂತ ನೀರಿನಲ್ಲೂ ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಎಂಜಿನ್‌ನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಆಳದ ನೀರು ದಾಟಿ ಬಂದ ಮೇಲೆ ಹಿಂದಿನ ಡಿಫರೆನ್ಷಿಯಲ್ ಎಣ್ಣೆ ನೋಡಿಸಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ಇನ್ನು ಹಿಮ. ಗಂಟೆಗೆ 60 ಕಿಲೋಮೀಟರ್‌ನಿಂದ ನಿಲ್ಲಲು, ಬ್ರೇಕ್ ಹಿಡಿದ ಮೇಲೆ, ಒಣ ಡಾಂಬರಿನಲ್ಲಿ 18 ಮೀಟರ್ ಸಾಕಾದರೆ ಒದ್ದೆಯಲ್ಲಿ 35, ತುಳಿದು ಗಟ್ಟಿಯಾದ ಹಿಮದಲ್ಲಿ 70, ಮಂಜುಗಡ್ಡೆಯ ಮೇಲೆ 140 ಮೀಟರ್ ದಾಟುತ್ತದೆ. ಇವು ಭೌತಶಾಸ್ತ್ರದ ಸರಳ ಸೂತ್ರದ ಸ್ಥೂಲ ಲೆಕ್ಕ. ನೀವು ಅಪಾಯ ಕಂಡು ಕಾಲು ಎತ್ತಿಡುವ ಒಂದು ಸೆಕೆಂಡಿನಲ್ಲಿ ಇನ್ನೂ 17 ಮೀಟರ್ ಹೋಗಿರುತ್ತದೆ. ಆಲ್-ವೀಲ್ ಡ್ರೈವ್ ಈ ಅಂಕಿಗಳಲ್ಲಿ ಒಂದನ್ನೂ ಬದಲಿಸುವುದಿಲ್ಲ, ಟೈರು ಬದಲಿಸುತ್ತದೆ. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರು ಗಡುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನದ್ದು ಮೆತ್ತಗೇ ಉಳಿಯುತ್ತದೆ. ಕೊಳ್ಳುವಾಗ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇದೆಯೇ ನೋಡಿ. ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳನ್ನು ತಯಾರಕರು ಯಾವ ಹಿಮಪರೀಕ್ಷೆಯೂ ಇಲ್ಲದೆ ಅಚ್ಚು ಹಾಕಬಹುದು. ಎರಡು ಚಕ್ರದ ಚಾಲನೆಯ ಕಾರಿಗೆ ಚಳಿಗಾಲದ ಟೈರು ಹಾಕಿದರೆ, ಬೇಸಿಗೆ ಟೈರಿನ ನಿಮ್ಮ ಕಾರಿಗಿಂತ ಬೇಗ ಅದು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಹೋಗಿ ಬರುವ ಪ್ರವಾಸಕ್ಕೆ ನಾಲ್ಕು ಟೈರು ಕೊಳ್ಳುವುದು ಭಾರವೆನಿಸಿದರೆ, ಹಿಮದ ಗೆರೆಯವರೆಗೆ ನಿಮ್ಮ ಕಾರಿನಲ್ಲಿ ಹೋಗಿ ಮುಂದಕ್ಕೆ ಅಲ್ಲಿನ ಚಾಲಕರ, ಸರಿಯಾದ ಟೈರಿರುವ ವಾಹನ ಹಿಡಿಯಿರಿ. ಇದರಲ್ಲಿ ಮಾನ ಹೋಗುವುದೇನಿಲ್ಲ. ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಸುತ್ತುವ ಚೈನ್ ಕೊಂಡೊಯ್ಯುವುದಾದರೆ ಯಾವ ಚಕ್ರಕ್ಕೆ ಕಟ್ಟಬೇಕೆಂದು ಕೈಪಿಡಿಯಲ್ಲಿ ನೋಡಿ, ಮನೆಯ ಮುಂದೆ ಒಣ ನೆಲದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ಕೊರೆಯುವ ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಕಲಿಯುವ ವಿದ್ಯೆ ಅದಲ್ಲ.

ಹಿಮದಲ್ಲೋ ಕೆಸರಿನಲ್ಲೋ ಸಿಕ್ಕಿಕೊಂಡರೆ ಲಾಕ್ ಹಾಕುವುದು ಆಗ. ಚಕ್ರ ಗಿರಕಿ ಹೊಡೆಯದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ ಬಲವನ್ನೇ ಕತ್ತರಿಸುತ್ತಿದ್ದರೆ ಅದನ್ನು ಆಫ್ ಮಾಡಿ, ನಿಧಾನವಾಗಿ ಹಿಂದೆ ಮುಂದೆ ಆಡಿಸಿ ಹೊರಗೆ ಬನ್ನಿ, ಬಂದ ಕೂಡಲೇ ಅದನ್ನು ಮತ್ತೆ ಆನ್ ಮಾಡಿ. ಒಂದೇ ಸಮನೆ ಚಕ್ರ ತಿರುಗಿಸುತ್ತಿದ್ದರೆ ಕಪ್ಲಿಂಗ್ ಕಾದು, ಎಚ್ಚರಿಕೆ ದೀಪ ಹೊತ್ತಿಸಿ, ತಾನೇ ಕಳಚಿಕೊಳ್ಳುತ್ತದೆ. ಹೆದರಬೇಡಿ, ಕಾರು ನಿಲ್ಲಿಸಿ ತಣ್ಣಗಾಗಲು ಬಿಡಿ.

ಮಾರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದು. ಮಣ್ಣಿನ ಏರುದಾರಿಯ ಮನೆಯವರಿಗೆ ಆಲ್-ವೀಲ್ ಡ್ರೈವ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅದಕ್ಕಾಗಿ ಸ್ವಲ್ಪ ಹೆಚ್ಚು ಇಂಧನ, ಎರಡು ಕಡೆ ಹೆಚ್ಚುವರಿ ಎಣ್ಣೆ, ಟೈರನ್ನು ನಾಲ್ಕರ ಲೆಕ್ಕದಲ್ಲೇ ಕೊಳ್ಳುವ ಖರ್ಚು ಒಪ್ಪಿಕೊಳ್ಳಬಹುದು. ನಗರದ ಸಪಾಟು ರಸ್ತೆಯಲ್ಲಿ ಕಚೇರಿಗೆ ಹೋಗಿ ಬರುವವರು ಇದೇ ಪ್ರಶ್ನೆ ಕೇಳಿದ್ದರೆ ಮಾರಿ ಎನ್ನುತ್ತಿದ್ದೆ. ಎಲ್ಲ ಓದಿಯೂ ನಿಮಗೆ ಮಾರುವ ಮನಸ್ಸೇ ಇದ್ದರೆ ಹಿಂದಿನ ಟೈರು ಬದಲಿಸಿಯೇ ಮಾರಿ. ತಿಳಿದ ಗಿರಾಕಿ ಕಾರು ನೋಡಲು ಬಂದಾಗ ಮೊದಲು ಮಾಡುವ ಕೆಲಸ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕುವುದು.